ಇರುಳೆಂದು ಬರೆದುಕೊಂಡರು

ಶಾಲೆಯಲ್ಲಿ ಅಡುಗೆ ನನ್ನ ಕೆಲಸ.
ವರ್ಷದಲ್ಲಿ ಹನ್ನೆರಡು ದಿನ ಮಾತ್ರ
ರೊವಾನಿಯೆಮಿಯ ಕೋರ್ಟಿನಲ್ಲಿ ನ್ಯಾಯಾಧೀಶೆಯ ಎಡಕ್ಕೆ ಕೂರುತ್ತೇನೆ.
ಕಾನೂನು ಓದದ ಇಬ್ಬರೂ ತೀರ್ಪಿನೊಳಗಿರಲಿ ಎಂಬುದು
ಫಿನ್‌ಲೆಂಡಿನ ಹಳೆಯ ಕಟ್ಟಳೆ.
ಡಿಸೆಂಬರು. ಬಸ್ಸು ಹತ್ತಿದಾಗ ಕತ್ತಲೆ,
ಇಳಿದಾಗಲೂ ಅದೇ ಕತ್ತಲೆ,
ಬಗಲಲ್ಲಿ ಬ್ರೆಡ್ಡಿನ ಡಬ್ಬಿ.

ಮೊದಲು ಕೇಳಿಸಿದ್ದು ಫೋನಿನ ಧ್ವನಿಮುದ್ರಣ.
'ನಾನು ಓಯ್ವಾ. ಹೌದು, ಕೆರೆಯಾಚೆಯ ಸೌನಾ ಮನೆ.
ತೈಸ್ತೋ ಏಳ್ತಾ ಇಲ್ಲ.
ಇಲ್ಲ, ಉಸಿರು ಗೊತ್ತಾಗ್ತಿಲ್ಲ.
ಕಾಫಿ ಆಯ್ತು ಅಂತ ಕರೆದೆ, ಏಳ್ತಾ ಇಲ್ಲ.'
ಹಿಂದೆ ನಿಜಕ್ಕೂ ಕಾಫಿ ಕುದಿಯುತ್ತಿತ್ತು, ಗುಳುಗುಳು.
ಒಂದು ಹಕ್ಕಿ ಬೇರೆ, ಅದರ ಪಾಡಿಗೆ.

ಏನು ಜಗಳ?
ಬಲೆಯನ್ನು ಒಣಗಿಸದೆ ಸುತ್ತಿಟ್ಟವರು ಯಾರು, ಎಂಬಷ್ಟು.
ಆ ಬಲೆಗೆ ಇಬ್ಬರೂ ಸೇರಿ ದುಡ್ಡು ಹಾಕಿದ್ದರು.
ಚಾಕುವಿನ ಹಿಡಿ ಬರ್ಚ್ ಮರದ ಗಂಟಿನದು;
ಓಯ್ವಾನ ಐವತ್ತನೆಯ ಹುಟ್ಟುಹಬ್ಬಕ್ಕೆ
ತೈಸ್ತೋನೇ ಕೆತ್ತಿ, ಉಜ್ಜಿ,
ಹದಿನೈದು ದಿನ ಎಣ್ಣೆ ಕುಡಿಸಿ ಕೊಟ್ಟದ್ದು.
ಪ್ಲಾಸ್ಟಿಕ್ ಚೀಲದೊಳಗೆ, ನಂಬರಿನ ಚೀಟಿ ಹೊತ್ತು
ಮೇಜಿನ ಮೇಲಿತ್ತು.
ದಿನವಿಡೀ ಚಾಕು ಹಿಡಿಯುವ ಕೈ ನನ್ನದು. ಒಳ್ಳೆಯ ಕೆಲಸ ಅನ್ನಿಸಿತು.
ಅನ್ನಿಸಿದ್ದಕ್ಕೆ ನಾಚಿ ಕಿಟಕಿಯ ಕಡೆ ನೋಡಿದೆ.
ಕಿಟಕಿಯಲ್ಲೂ ನಾವೇ ಇದ್ದೆವು.

'ಆಗ ಕತ್ತಲಿತ್ತೆ?' ಹೆಲ್ಸಿಂಕಿಯಿಂದ ಬಂದ ವಕೀಲರು ಕೇಳಿದರು.
ಓಯ್ವಾ ಅವರನ್ನೇ ಸ್ವಲ್ಪ ಹೊತ್ತು ನೋಡಿದ.
'ಜೂನ್ ತಿಂಗಳು' ಅಂದ.

ಕುಡುಕನ ಮಾತು ಬೆಳಗಾದರೆ ಹೋಯಿತು ಅನ್ನುವುದುಂಟು.
ಬೆಳಗಾಗುವುದಕ್ಕೆ ಇರುಳು ಬೇಕಲ್ಲ.
ಗುರುವಾರ ಸಂಜೆ ಆಡಿದ್ದು
ಶುಕ್ರವಾರ, ಶನಿವಾರ, ಹಾಗೇ ಬಿಸಿಲಲ್ಲಿ ಬಿದ್ದಿತ್ತು ಹುಳಿಯುತ್ತ.
ಸೂರ್ಯ ಮುಳುಗಲಿಲ್ಲ, ಯಾರೂ ಮಲಗಲಿಲ್ಲ,
ಯಾವ ಮಾತೂ ಹೋಗಲಿಲ್ಲ.
ಗುಮಾಸ್ತ ಬೆರಳಚ್ಚಿಸಿದ: ರಾತ್ರಿ ಮೂರು ನಲವತ್ತು.

ನೆನಪಿದೆಯೆ? ಇಲ್ಲ.
ಎಷ್ಟು ಸಲ ಇರಿದೆ?
ಕಾಗದದಲ್ಲಿ ಎರಡು ಅಂತಿದೆ, ಎರಡೇ ಇರಬೇಕು.
ರಕ್ತದಲ್ಲಿ ಮದ್ಯ, ಸಾವಿರಕ್ಕೆ ಇಷ್ಟೆಂದು ಲೆಕ್ಕ:
ಸತ್ತವನಿಗೆ ಎರಡೂಮುಕ್ಕಾಲು, ಉಳಿದವನಿಗೆ ಎರಡೂವರೆ.
ಹೆಚ್ಚುಕಮ್ಮಿ ಸಮಪಾಲು.
ಕುಡಿದದ್ದು ರಿಯಾಯಿತಿಗೆ ಕಾರಣವಲ್ಲ ಎಂದು
ಒಳಕೋಣೆಯಲ್ಲಿ ನ್ಯಾಯಾಧೀಶೆ ನಮಗೆ ಓದಿ ಹೇಳಿದರು.
ಬಾಟಲಿಯನ್ನು ಕಟಕಟೆಗೆ ಹತ್ತಿಸುವ ಕಲಮು
ಆ ಪುಸ್ತಕದಲ್ಲಿ ಇರಲಿಲ್ಲ.

ಮಗಳು ಸೈಯಾ ಮಣ್ಣು ಮಾಡಿದ ಖರ್ಚಿನ ಪಟ್ಟಿ ಕೊಟ್ಟಿದ್ದಳು:
ಪೆಟ್ಟಿಗೆ, ಹೂವು, ಕಲ್ಲು, ನಲವತ್ತು ಜನಕ್ಕೆ ಸಾಲ್ಮನ್ ಸಾರು.
ಸಾರಿನ ರಕಮು ಹೆಚ್ಚಾಯಿತೆಂದು ಎದುರು ವಕೀಲರ ತಕರಾರು.
ಅಷ್ಟು ಹೊತ್ತೂ ಬಾಯಿ ಬಿಡದ ನಾನು ಒಳಗೆ ಹೇಳಿದೆ:
ನಲವತ್ತು ಜನಕ್ಕೆ ಎಂಟು ಕಿಲೋ ಮೀನು, ಹತ್ತು ಕಿಲೋ ಆಲೂಗಡ್ಡೆ,
ನಾಲ್ಕು ಲೀಟರು ಕೆನೆ, ಸಬ್ಬಸಿಗೆ ಬೇರೆ.
ಹುಡುಗಿ ಕಮ್ಮಿಯೇ ಹಾಕಿದ್ದಾಳೆ.
ಇಡೀ ತೀರ್ಪಿನಲ್ಲಿ ನನ್ನದೆಂದು ಇರುವುದು ಆ ಒಂದು ಸಾಲು.

ಒಂಬತ್ತು ವರ್ಷ ನಾಲ್ಕು ತಿಂಗಳು.
ಚಾಕು ಸರ್ಕಾರದ ವಶಕ್ಕೆ.
ಓಯ್ವಾ ಕೇಳಿದ್ದು ಒಂದೇ: 'ಬಲೆ?'
ಬಲೆಯ ವಿಷಯ ದಾವೆಯಲ್ಲಿ ಇರಲಿಲ್ಲ.

ಇನ್ನೊಂದೂ ಇರಲಿಲ್ಲ. ನಾನೂ ಹೇಳಲಿಲ್ಲ.
ನಡುಬೇಸಿಗೆಯ ಹಬ್ಬಕ್ಕೆ ಸರ್ಕಾರಿ ಮದ್ಯದಂಗಡಿ ಮುಚ್ಚುತ್ತದೆಂದು
ಗುರುವಾರ ಕೆಮಿಯಾರ್ವಿಯ ಜನವೆಲ್ಲ ಅಲ್ಲಿ ಸಾಲುಗಟ್ಟಿತ್ತು.
ನನ್ನ ಮುಂದೆ ಇಬ್ಬರು, ಅವರ ಗಾಡಿ ತುಂಬ ಗಾಜಿನ ಸದ್ದು.
ನನ್ನ ಕೈಯಲ್ಲಿ ಎರಡೇ ಬಾಟಲಿ ಕಂಡು
ಟೋಪಿಯವನು ಪಕ್ಕಕ್ಕೆ ಸರಿದ:
'ನೀವು ಮುಂದೆ ಹೋಗಿ, ನಮಗೇನೂ ಅವಸರವಿಲ್ಲ.'

ಯಾರವನು, ಇಬ್ಬರಲ್ಲಿ?
ಶವದ ಫೋಟೋದಲ್ಲಿ ಟೋಪಿಯಿಲ್ಲ.
ಕೋರ್ಟಿನೊಳಗೆ ಯಾರೂ ಟೋಪಿ ಹಾಕುವಂತಿಲ್ಲ.